ಅರವತ್ತು ದಾಟಿದ ಮೇಲೆ ಒಬ್ಬರೇ ಅಂಡಮಾನ್‌ಗೆ ಹೊರಟರೆ

ಅಂಡಮಾನ್‌ಗೆ ಒಬ್ಬಳೇ ಹೋಗಿ ಬಂದಿದ್ದೇನೆ ಅಂತ ಗೊತ್ತಾದಾಗಿನಿಂದ ಬೆಳಗಿನ ವಾಕಿಂಗ್‌ನಲ್ಲಿ ಸಿಗುವವರು, ನನ್ನ ಜೊತೆ ಪಾಠ ಮಾಡಿದ ಹಳೇ ಟೀಚರ್‌ಗಳು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹೆದರಿಕೆ ಆಗಲಿಲ್ವಾ?" ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎಷ್ಟೋ ಇವೆ. ಹಡಗು ಹತ್ತುವ ಜಾಗ ಹೇಗಿರುತ್ತೆ? ನೆಲಮಹಡಿಯಲ್ಲಿ ರೂಮು ಸಿಗುತ್ತಾ? ಸಮುದ್ರ ಕೆಟ್ಟು ಹಡಗು ಹೊರಡದೇ ಹೋದರೆ ವಾಪಸ್ ವಿಮಾನದ ಗತಿ ಏನು? ಈಗ ನನ್ನ ಗೆಳತಿಯೊಬ್ಬರು ಫೆಬ್ರವರಿಗೆ ಹೊರಟಿದ್ದಾರೆ. ವಯಸ್ಸು 71, ಬಿಪಿ ಇದೆ, ಮೊಣಕಾಲು ಅಷ್ಟಕ್ಕಷ್ಟೆ. ಅವರ ಪ್ಲಾನ್ ಮಾಡಲು ಇಬ್ಬರೂ ಕೂತಾಗ ಏನೇನು ಮಾತಾಡಿದೆವೋ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ಅವರ ಮಗ ಒಂದು ಟೂರ್ ಪ್ಯಾಕೇಜ್ ಕಳಿಸಿದ್ದ. ಐದು ರಾತ್ರಿ, ಆರು ದಿನ. ಅದರಲ್ಲಿ ಮೂರು ದ್ವೀಪ, ಬಾರಾಟಾಂಗ್ ಗುಹೆ, ಜೈಲು, ಸ್ನಾರ್ಕೆಲಿಂಗ್, ಶಾಪಿಂಗ್ ಎಲ್ಲವೂ ಇತ್ತು. ಮೂವತ್ತರ ವಯಸ್ಸಿನ ಗಂಡ ಹೆಂಡತಿಗೆ ಅದು ಸರಿ. ನಮ್ಮ ವಯಸ್ಸಿನವರು ಅದೇ ಪಟ್ಟಿ ಹಿಡಿದು ಹೋದರೆ ಮೂರನೇ ದಿನಕ್ಕೆ ಸೊಂಟ ಹಿಡಿದುಕೊಂಡು ರೂಮಿನಲ್ಲಿ ಮಲಗಬೇಕಾಗುತ್ತೆ. ಪ್ಲಾನನ್ನು ನೋಡುವ ಜಾಗಗಳಿಂದ ಶುರು ಮಾಡಬೇಡಿ, ನಿಮ್ಮ ಮೈಯಿಂದ ಶುರು ಮಾಡಿ ಅನ್ನುವುದೇ ನನ್ನ ಮಾತು. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ಊಟ ಎಷ್ಟೊತ್ತಿಗೆ ಆಗಬೇಕು, ಎಷ್ಟು ಹೊತ್ತಿಗೊಮ್ಮೆ ಬಾತ್‌ರೂಮಿಗೆ ಹೋಗಬೇಕು, ಮಧ್ಯಾಹ್ನ ಮಲಗಲೇಬೇಕಾ. ಇದನ್ನು ನಾಚಿಕೆ ಇಲ್ಲದೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ದ್ವೀಪಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಲಕ್ಷದ್ವೀಪಕ್ಕೆ ಯಾಕೆ ಹೋಗಬಾರದು, ನಮಗೆ ಹತ್ತಿರ ಅಲ್ವಾ ಅಂತ ಅವರೂ ಕೇಳಿದರು. ಅಲ್ಲಿಗೆ ಮೊದಲೇ ಪರ್ಮಿಟ್ ಮಾಡಿಸಬೇಕು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಒಂದು ಇಡೀ ರಾತ್ರಿ ಬೇಕು, ಕೆಲವು ದ್ವೀಪಗಳಲ್ಲಿ ಹಡಗು ದೂರದಲ್ಲೇ ನಿಂತು ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕಾಗುತ್ತೆ. ಮೊಣಕಾಲು ಗಟ್ಟಿ ಇದ್ದರೆ ಖಂಡಿತ ಹೋಗಿ. ಅಂಡಮಾನ್‌ನಲ್ಲಿ ನಾವೆಲ್ಲ ನೋಡುವ ದ್ವೀಪಗಳಿಗೆ ಭಾರತೀಯರಿಗೆ ಪರ್ಮಿಟ್ ಬೇಡ, ಬೆಂಗಳೂರಿನಿಂದ ನೇರ ವಿಮಾನ ಇದೆ, ಅಲ್ಲಿನ ಮುಖ್ಯ ಊರು ಪೋರ್ಟ್ ಬ್ಲೇರ್‌ನಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಒಬ್ಬರೇ ಹೋಗುವ ಹಿರಿಯರಿಗೆ ಇದು ಮೇಲು.

ಹೆಸರುಗಳ ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಿ, ಟಿಕೆಟ್ ನೋಡಿ ಗಾಬರಿ ಆಗಬಾರದು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ರಾಸ್ ಐಲೆಂಡ್ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಈ ಮೂರನ್ನೂ 2018ರ ಡಿಸೆಂಬರ್‌ನಲ್ಲಿ ಬದಲಾಯಿಸಿದರು. ಆಟೋದವರು, ಹೋಟೆಲಿನವರು ಈಗಲೂ ಹಳೇ ಹೆಸರೇ ಹೇಳುತ್ತಾರೆ.

ಕಾಲದ ವಿಷಯ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜೋರು ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುತ್ತವೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ ರೇಟು ಎರಡು ಪಟ್ಟು, ಜನಜಾತ್ರೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ ಇರುತ್ತೆ. ನಮಗೆ ಶಾಲೆ ರಜೆಯ ಹಂಗಿಲ್ಲವಲ್ಲ, ಫೆಬ್ರವರಿ ಮಧ್ಯದ ವಾರದ ದಿನಗಳನ್ನೇ ಹಿಡಿಯಿರಿ.

ಈಗ ಹಡಗಿನ ವಿಷಯಕ್ಕೆ ಬರ್ತೀನಿ, ಯಾಕಂದರೆ ಇಡೀ ಪ್ರವಾಸ ನಿಂತಿರುವುದೇ ಅದರ ಮೇಲೆ. ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಖಾಸಗಿ ಹಡಗುಗಳಿವೆ. ಅವು ಸುಮಾರು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತವೆ. ಒಳಗೆ ಎಸಿ, ಬಸ್ಸಿನಂಥ ಸೀಟು. ಸರ್ಕಾರಿ ಹಡಗು ಅಗ್ಗ, ನಿಧಾನ, ಹೊರಗೆ ನಿಂತು ಗಾಳಿ ಕುಡಿಯಬಹುದು, ಆದರೆ ಟಿಕೆಟ್ ಸಿಗುವುದು ಅಷ್ಟು ಸುಲಭ ಇಲ್ಲ. ನನ್ನ ಗೆಳತಿಗೆ ಖಾಸಗಿ ಹಡಗೇ ಇರಲಿ ಅಂದೆ. ಬೆಳಗಿನ ಹಡಗನ್ನೇ ತಗೊಳ್ಳಿ, ಏನಾದರೂ ತಡ ಆದರೂ ಹಗಲಲ್ಲೇ ರೂಮು ಸೇರುತ್ತೀರಿ. ಸೀಟು ಆರಿಸುವಾಗ ಕೆಳಗಿನ ಅಂತಸ್ತು, ಮಧ್ಯ ಅಥವಾ ಸ್ವಲ್ಪ ಹಿಂದೆ. ಮುಂದಿನ ಸೀಟಿನಲ್ಲಿ ಕಿಟಕಿ ಚೆನ್ನಾಗಿರುತ್ತೆ, ಆದರೆ ಅಲೆಗೆ ಹಡಗಿನ ಮೂತಿ ಎದ್ದು ಬೀಳುವುದೂ ಅಲ್ಲೇ ಜಾಸ್ತಿ.

ಹತ್ತುವುದು ಹೇಗಿರುತ್ತೆ ಅಂತ ಅವರು ಎರಡೆರಡು ಸಲ ಕೇಳಿದರು. "ನೀವು ಹೇಳಿದ್ದೆಲ್ಲ ಸರಿ ಮೇಡಂ, ಆದ್ರೆ ಆ ಹಲಗೆ ದಾಟೋಕೆ ನನ್ನ ಕೈಲಿ ಆಗತ್ತಾ ಅನ್ನೋದೇ ಚಿಂತೆ." ಹಾಗಾಗಿ ವಿವರವಾಗಿ ಹೇಳಿದೆ. ಜೆಟ್ಟಿಗೂ ಹಡಗಿಗೂ ನಡುವೆ ಒಂದು ಹಲಗೆಸೇತುವೆ ಹಾಕಿರುತ್ತಾರೆ. ಉಬ್ಬರ ಇದ್ದಾಗ ಅದು ಒಂದು ಎತ್ತರದಲ್ಲಿ, ಇಳಿತ ಇದ್ದಾಗ ಇನ್ನೊಂದು ಎತ್ತರದಲ್ಲಿ. ಅಲೆ ಬಂದ ಹಾಗೆ ಅದರ ತುದಿ ಕಾಂಕ್ರೀಟಿನ ಮೇಲೆ ಗರಗರ ಅಂತ ಉಜ್ಜುತ್ತಾ ಸ್ವಲ್ಪ ಮೇಲೆ ಹೋಗುತ್ತೆ, ಸ್ವಲ್ಪ ಕೆಳಗೆ ಬರುತ್ತೆ. ಎರಡು ಅಲೆ ಸುಮ್ನೆ ನೋಡ್ತಾ ನಿಲ್ಲಿ. ಹಲಗೆ ಕೆಳಗೆ ಬಂದು ನಿಂತ ಕ್ಷಣದಲ್ಲಿ ಕಾಲಿಡಿ. ಆ ಕಡೆ ಹಡಗಿನ ಹುಡುಗರು ಕೈ ಚಾಚಿಕೊಂಡೇ ನಿಂತಿರುತ್ತಾರೆ. ಬೆರಳು ಕೊಡಬೇಡಿ, ಅವರ ಮುಂಗೈಯನ್ನೇ ಗಟ್ಟಿಯಾಗಿ ಹಿಡಿಯಿರಿ. ನಿಮ್ಮ ಎರಡೂ ಕೈ ಖಾಲಿ ಇರಬೇಕು, ಹಾಗಾಗಿ ಹೆಗಲಿಗೆ ಹಾಕುವ ಚಿಕ್ಕ ಬ್ಯಾಗು ಬಿಟ್ಟು ಬೇರೇನೂ ಕೈಯಲ್ಲಿ ಬೇಡ. ಸೀರೆ ಉಡುವವರು ಅವತ್ತೊಂದು ದಿನ ಚೂಡಿದಾರ್ ಹಾಕಿಕೊಂಡರೆ ಒಳ್ಳೆಯದು. ಮುಂದೆ ನುಗ್ಗುವವರು ನುಗ್ಗಲಿ. ಸೀಟು ನಂಬರ್ ಇರುತ್ತೆ, ಕೊನೆಗೆ ಹತ್ತಿದರೂ ನಿಮ್ಮ ಸೀಟು ಎಲ್ಲಿಗೂ ಹೋಗಲ್ಲ. ಗುರುತಿನ ಚೀಟಿ ಕೇಳುತ್ತಾರೆ, ಒಂದು ಗಂಟೆ ಮೊದಲೇ ಬಂದು ಕೂರಿ.

ವಾಂತಿ ಮಾತ್ರೆಯ ಬಗ್ಗೆ ಒಂದು ಮಾತು. ಬಹಳ ಜನ ಔಷಧಿ ಅಂಗಡಿಯಲ್ಲಿ ಕೇಳಿ ಅವೊಮಿನ್ ತಗೊಂಡು ನುಂಗುತ್ತಾರೆ. ಅದರಿಂದ ತೂಕಡಿಕೆ ಬರುತ್ತೆ, ಬಾಯಿ ಒಣಗುತ್ತೆ. ವಯಸ್ಸಾದವರಿಗೆ ತಲೆ ಭಾರವಾಗಿ ನಡಿಗೆ ತಪ್ಪಬಹುದು. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೂ ಒಳ್ಳೆಯದಲ್ಲ. ನೀವು ದಿನಾ ನುಂಗುವ ಮಾತ್ರೆಗಳನ್ನೆಲ್ಲ ನಿಮ್ಮ ಡಾಕ್ಟರಿಗೆ ತೋರಿಸಿ, ಯಾವುದು, ಎಷ್ಟು, ಹೊರಡುವ ಎಷ್ಟು ಹೊತ್ತು ಮೊದಲು ಅಂತ ಬರೆಸಿಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಾನು ಹಠ ಮಾಡುತ್ತೇನೆ. ಕೊನೆಯ ಎರಡು ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಬೇಕು. ಸಮುದ್ರ ಕೆಟ್ಟರೆ ಹಡಗು ನಿಲ್ಲಿಸುತ್ತಾರೆ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಬೆಳಿಗ್ಗೆ ಹಡಗು, ಮಧ್ಯಾಹ್ನ ವಿಮಾನ ಅಂತ ಇಟ್ಟುಕೊಂಡವರು ಜೆಟ್ಟಿಯಲ್ಲಿ ಫೋನ್ ಹಿಡಿದು ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಒಂದು ದಿನ ಕೈಯಲ್ಲಿದ್ದರೆ ಆ ಪಾಡು ಇಲ್ಲ. ಹಡಗು ಸರಿಯಾಗಿ ಹೊರಟರೆ ಆ ದಿನ ಊರು ನೋಡಲು ಸಿಗುತ್ತೆ, ದಂಡವೇನೂ ಅಲ್ಲ.

ರೂಮು ಬುಕ್ ಮಾಡುವಾಗ ಫೋಟೋ ನಂಬಿ ದುಡ್ಡು ಕಟ್ಟಬೇಡಿ, ಫೋನ್ ಮಾಡಿ. ದ್ವೀಪದ ರೆಸಾರ್ಟ್‌ಗಳಲ್ಲಿ ಚೆಂದ ಕಾಣುವ ಮರದ ಕಾಟೇಜ್‌ಗಳು ಎಷ್ಟೋ ಕಡೆ ಕಂಬಗಳ ಮೇಲೆ ಇರುತ್ತವೆ, ಹತ್ತಲು ಕಡಿದಾದ ಮೆಟ್ಟಿಲು. ನೆಲಮಟ್ಟದ ರೂಮೇ ಬೇಕು ಅಂತ ಹೇಳಿ. ಬಾತ್‌ರೂಮಿನ ನೆಲ ಜಾರುತ್ತಾ, ಕಮೋಡ್ ಪಕ್ಕ ಹಿಡಿಕೆ ಇದೆಯಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ರಾತ್ರಿ ರಿಸೆಪ್ಷನ್‌ನಲ್ಲಿ ಯಾರಾದರೂ ಇರುತ್ತಾರಾ. ನಾಲ್ಕೇ ಪ್ರಶ್ನೆ. ಉತ್ತರ ಕೊಡಲು ಬೇಸರ ಮಾಡಿಕೊಳ್ಳುವ ಜಾಗ ನಮಗೆ ಬೇಡ. ಬಾತ್‌ರೂಮಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಕೇಳಿ, ಒಳ್ಳೆಯ ಹೋಟೆಲಿನವರು ಖಂಡಿತ ಕಳಿಸುತ್ತಾರೆ. ಒಬ್ಬರೇ ಇದ್ದರೂ ಪೂರ್ತಿ ರೂಮಿನ ದುಡ್ಡು ಕೊಡಬೇಕು, ಟ್ಯಾಕ್ಸಿಗೂ ಅಷ್ಟೇ, ಇದನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಅದಕ್ಕೇ ನಾನು ಹೇಳುವುದು, ಜಾಗ ಬದಲಾಯಿಸುತ್ತಾ ಓಡಾಡುವ ಬದಲು ಒಂದೇ ಕಡೆ ನಾಲ್ಕು ರಾತ್ರಿ ಇದ್ದರೆ ದುಡ್ಡೂ ಉಳಿಯುತ್ತೆ, ಮೈಯೂ ಉಳಿಯುತ್ತೆ.

ಅಲ್ಲಿನ ಹಗಲಿನ ಲೆಕ್ಕ ನಮ್ಮ ವಯಸ್ಸಿಗೆ ಹೇಳಿ ಮಾಡಿಸಿದ್ದು. ಇದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಆದರೆ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಬೆಳಿಗ್ಗೆ ಐದು, ಐದೂವರೆಗೇ ಬೆಳಕು, ಸಂಜೆ ಐದು, ಐದೂವರೆಗೆ ಸೂರ್ಯ ಮುಳುಗಿ ಆಗಿರುತ್ತೆ. ಹುಡುಗರಿಗೆ ಇದು ಬೇಜಾರು, ಅವರು ಏಳುವುದೇ ಒಂಬತ್ತಕ್ಕೆ. ನಾವು ಹೇಗಿದ್ದರೂ ನಾಲ್ಕೂವರೆಗೆ ಎದ್ದು ಕೂರುವವರು. ಸ್ವರಾಜ್ ದ್ವೀಪದ ಪೂರ್ವದ ಕಡೆ ಕಾಲಾಪತ್ಥರ್ ಬೀಚ್ ಇದೆ, ಸೂರ್ಯೋದಯಕ್ಕೆ ಅಲ್ಲಿಗೆ ಹೋದರೆ ಇಡೀ ಬೀಚು ನಿಮ್ಮದೇ. ಹತ್ತರ ಒಳಗೆ ವಾಪಸ್ ಬಂದು ತಿಂಡಿ, ಬಿಸಿಲಲ್ಲಿ ನಿದ್ದೆ, ಮತ್ತೆ ಮೂರೂವರೆಗೆ ಹೊರಗೆ. ಏಳಕ್ಕೆ ಊಟ, ಎಂಟೂವರೆಗೆ ಹಾಸಿಗೆ. ಮನೆಯ ದಿನಚರಿ ಒಂಚೂರೂ ತಪ್ಪುವುದಿಲ್ಲ.

ಸಂಜೆಗೆ ರಾಧಾನಗರ ಬೀಚ್. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂತ ಕರೆದ ಮೇಲೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಹೆಸರಿಗೆ ತಕ್ಕ ಹಾಗೇ ಇದೆ. ಬಿಳಿ ಮರಳು, ಹಿಂದೆಯೇ ದೊಡ್ಡ ದೊಡ್ಡ ಮರಗಳ ಕಾಡು, ನೆರಳಿನಲ್ಲಿ ಕೂತರೆ ಏಳಲು ಮನಸ್ಸಾಗದು. ಆದರೆ ಜೆಟ್ಟಿಯಿಂದ ಅದು ಹತ್ತು ಕಿಲೋಮೀಟರಿಗೂ ಜಾಸ್ತಿ. ಸೂರ್ಯ ಮುಳುಗಿದ ಕೂಡಲೇ ಗವ್ವೆನ್ನುವ ಕತ್ತಲು. ಹೋದ ಆಟೋದವರಿಗೇ ವಾಪಸ್ಸಿಗೂ ಮಾತಾಡಿ ಕಾಯಲು ಹೇಳಿ, ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಚಿಕ್ಕದೊಂದು ಟಾರ್ಚ್ ಯಾವಾಗಲೂ ಬ್ಯಾಗಿನಲ್ಲಿರಲಿ.

ನೀರಿಗೆ ಇಳಿಯುವ ಆಸೆ ಇದ್ದರೆ ನನ್ನ ಮಟ್ಟಿಗೆ ರಾಧಾನಗರಕ್ಕಿಂತ ವಿಜಯನಗರ ಬೀಚ್ ಮೇಲು. ಅಲ್ಲಿ ನೀರು ಆಳವಿಲ್ಲ, ಅಲೆ ಕಡಿಮೆ. ಸಮುದ್ರದ ಕಡೆಗೆ ಬಾಗಿದ ಹಳೇ ಮಹುವಾ ಮರಗಳಿವೆ, ಅದರ ಕೊಂಬೆ ಹಿಡಿದುಕೊಂಡೇ ನೀರಿಗೆ ಇಳಿದು ಸೊಂಟದ ಮಟ್ಟಕ್ಕೆ ಕೂರಬಹುದು. ಬೆಚ್ಚಗಿನ ಉಪ್ಪು ನೀರಿನಲ್ಲಿ ಅರ್ಧ ಗಂಟೆ ಕಾಲು ಚಾಚಿ ಕೂತಾಗ ಮೊಣಕಾಲು ಹಗುರ ಆಗುವುದಿದೆಯಲ್ಲ, ಆ ಸುಖಕ್ಕಾಗಿಯೇ ನಾನು ಮತ್ತೆ ಹೋಗುತ್ತೇನೆ. ಇಳಿತದ ಹೊತ್ತಿನಲ್ಲಿ ಮಾತ್ರ ನೀರು ಬಹಳ ದೂರ ಹಿಂದೆ ಸರಿದು ಕಲ್ಲು, ಹವಳದ ಚೂರು ಎದ್ದಿರುತ್ತವೆ. ಉಬ್ಬರ ಎಷ್ಟೊತ್ತಿಗೆ ಅಂತ ಹೋಟೆಲಿನವರನ್ನು ಕೇಳಿ ಹೋಗಿ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ನೀರಿನಲ್ಲೂ ಕಾಲಲ್ಲಿರಲಿ. ಮರಳಿನಲ್ಲಿ ಕಣ್ಣಿಗೆ ಕಾಣದಂಥ ಮರಳುನೊಣ ಕಚ್ಚುತ್ತವೆ, ಆಮೇಲೆ ದಿನಗಟ್ಟಲೆ ಕೆರೆತ. ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೊಂಡು ಹೋಗಿ, ಬರಿ ಮರಳಿನ ಮೇಲೆ ಮಲಗಬೇಡಿ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ಬಲೆ ಕಟ್ಟಿದ ಜಾಗ ಬಿಟ್ಟು ಆಚೆ ಕಾಲಿಡಲೇಬೇಡಿ, ಅಲ್ಲಿ ಉಪ್ಪುನೀರಿನ ಮೊಸಳೆಗಳು ನಿಜವಾಗಿಯೂ ಇವೆ.

ಸ್ಕೂಬಾ ಮಾಡಬಹುದಾ ಅಂತ ಕೇಳಿದರು ಗೆಳತಿ, ಆಸೆ ಎಷ್ಟಿದೆ ನೋಡಿ! ಇಳಿಸುವ ಮೊದಲು ಆರೋಗ್ಯದ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಬಿಪಿ, ಆಸ್ತಮಾ, ಹೃದಯದ ತೊಂದರೆ ಯಾವುದನ್ನೂ ಮುಚ್ಚಿಡಬಾರದು. ಆಗಲ್ಲ ಅಂದರೆ ಬಿಡಿ. ಗಾಜಿನ ತಳದ ದೋಣಿಯಲ್ಲಿ ಕೂತರೂ ಹವಳ, ಬಣ್ಣಬಣ್ಣದ ಮೀನು ಕಾಣುತ್ತವೆ. ಎಲಿಫೆಂಟ್ ಬೀಚಿಗೆ ಸ್ಪೀಡ್‌ಬೋಟ್‌ನಲ್ಲಿ ಹೋಗುವಾಗ ಮಾತ್ರ ಹಿಂದಿನ ಸೀಟೇ ಕೇಳಿ. ಮುಂದೆ ಕೂತರೆ ಪ್ರತಿ ಅಲೆಗೂ ಬೆನ್ನುಮೂಳೆಗೆ ಪೆಟ್ಟು.

ಬಾರಾಟಾಂಗ್ ಅನ್ನು ನಾವು ಪಟ್ಟಿಯಿಂದ ತೆಗೆದೇಬಿಟ್ಟೆವು. ನಡುರಾತ್ರಿ ಕಳೆದು ಇನ್ನೂ ಕತ್ತಲಿರುವಾಗಲೇ ಹೊರಡಬೇಕು, ವಾಹನಗಳ ಸಾಲಿನಲ್ಲಿ ಕಾಯಬೇಕು, ಆಮೇಲೆ ಕಾಡಿನ ರಸ್ತೆ, ದೋಣಿ, ನಡಿಗೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಆ ರಸ್ತೆ ಹೋಗುವುದು ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನ ನಡುವೆ. ಅವರ ಫೋಟೋ ತೆಗೆಯುವುದಕ್ಕೂ, ಅವರ ಜೊತೆ ಮಾತಾಡುವುದಕ್ಕೂ, ಏನಾದರೂ ಕೊಡುವುದಕ್ಕೂ ನಿಷೇಧ ಇದೆ, ಅದು ಇರಬೇಕಾದ್ದೇ. ಆದರೂ ಕಾರಿನಲ್ಲಿ ಕೂತವರು ಕಿಟಕಿಯಿಂದ ಅವರಿಗಾಗಿ ಹುಡುಕುತ್ತಲೇ ಇರುತ್ತಾರೆ. ಅವರ ಮನೆಯ ಅಂಗಳದಲ್ಲಿ ನಾವು ಮೆರವಣಿಗೆ ಹೋಗುವುದು ನನಗೆ ಸರಿ ಅನಿಸುವುದಿಲ್ಲ. ಕಾಲು ಗಟ್ಟಿ ಇದ್ದವರಿಗೂ ನಾನು ಬೇಡ ಅಂತಲೇ ಹೇಳುತ್ತೇನೆ.

ಊರಿನಲ್ಲಿ ಸೆಲ್ಯುಲಾರ್ ಜೈಲಿಗೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. 1896ರಲ್ಲಿ ಕಟ್ಟಲು ಶುರು ಮಾಡಿ 1906ರಲ್ಲಿ ಮುಗಿಸಿದರು. ಏಳು ಸಾಲು ಕಟ್ಟಡಗಳಿದ್ದವು, ಈಗ ಉಳಿದಿರುವುದು ಮೂರು. ಒಂದೊಂದು ಕೋಣೆಗೂ ಒಬ್ಬೊಬ್ಬರೇ ಕೈದಿ, ಎದುರಿಗೆ ಕಾಣುವುದು ಮುಂದಿನ ಸಾಲಿನ ಹಿಂಗೋಡೆ ಮಾತ್ರ, ಇನ್ನೊಬ್ಬರ ಮುಖ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದು. ಬಾಗಿಲಿನ ಅಗುಳಿಯನ್ನು ನೋಡಿ. ಅದು ಬಾಗಿಲಿನ ಪಕ್ಕದಲ್ಲಿಲ್ಲ, ಗೋಡೆಯೊಳಗೆ ಕೊರೆದ ದೂರದ ಗೂಡಿನಲ್ಲಿದೆ. ಒಳಗಿನಿಂದ ಕೈ ಎಷ್ಟು ಚಾಚಿದರೂ ಸಿಗದು. ನಾನು ಒಳಗೆ ನಿಂತು ಸರಳಿನ ಸಂದಿಯಿಂದ ಕೈ ಹಾಕಿ ನೋಡಿದೆ, ಬೆರಳ ತುದಿ ಬರೀ ಗೋಡೆಗೆ ತಾಗಿತು. ಗುಂಪಿನ ಜೊತೆ ಹೋದವರು ಇಪ್ಪತ್ತು ನಿಮಿಷದಲ್ಲಿ ಫೋಟೋ ತೆಗೆದು ಹೊರಡುತ್ತಾರೆ. ಒಬ್ಬರೇ ಹೋದವರಿಗೆ ಅಲ್ಲಿ ನಿಲ್ಲಲು ಸಮಯ ಸಿಗುತ್ತೆ. ಮೇಲಿನ ಮಹಡಿಗಳಿಗೆ ಮೆಟ್ಟಿಲೇ ಗತಿ, ಕಾಲು ನೋಯುವವರು ಕೆಳಗಿನ ಸಾಲು ಮತ್ತು ಅಂಗಳ ನೋಡಿದರೂ ಸಾಕು. ಸಂಜೆ ಬೆಳಕು ಮತ್ತು ಧ್ವನಿಯ ಪ್ರದರ್ಶನ ಅಂಗಳದಲ್ಲೇ ಕೂತು ನೋಡುವಂಥದ್ದು. ರಾಸ್ ಐಲೆಂಡ್‌ಗೆ ಊರಿನ ಜೆಟ್ಟಿಯಿಂದ ಸ್ವಲ್ಪವೇ ಹೊತ್ತಿನ ದೋಣಿ, ಒಳಗೆ ಓಡಾಡಲು ಬ್ಯಾಟರಿ ಗಾಡಿ ಇದೆ. ಬ್ರಿಟಿಷರ ಹಳೇ ಬಂಗಲೆಗಳ ಗೋಡೆಯನ್ನೆಲ್ಲ ಮರದ ಬೇರುಗಳು ತಬ್ಬಿಕೊಂಡಿವೆ, ಜಿಂಕೆಗಳು ಕಾಲಿನ ಹತ್ತಿರವೇ ಬರುತ್ತವೆ.

ಊಟಕ್ಕೆ ಚಿಂತೆ ಬೇಡ. ಊರಿನಲ್ಲಿ ತಮಿಳರ ಹೋಟೆಲುಗಳಿವೆ, ಇಡ್ಲಿ ದೋಸೆ ಸಲೀಸಾಗಿ ಸಿಗುತ್ತೆ. ಸ್ವರಾಜ್ ದ್ವೀಪ, ಶಹೀದ್ ದ್ವೀಪದಲ್ಲಿ ಇರುವವರು ಹೆಚ್ಚಾಗಿ ದೇಶ ವಿಭಜನೆ ಆದ ಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು. ಮೀನು ಅನ್ನ ಅವರ ಊಟ. ಸಸ್ಯಾಹಾರಿಗಳಿಗೂ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಾರೆ. ಆದರೂ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ, ಸಕ್ಕರೆ ಕಾಯಿಲೆ ಇರುವವರು ಹಡಗಿನಲ್ಲಿ ತಿನ್ನಲು ಏನಾದರೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲೇಬೇಕು. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿಡಿ, ನಾಲ್ಕು ದಿನಕ್ಕೆ ಜಾಸ್ತಿಯೇ ಇರಲಿ. ದೊಡ್ಡ ಆಸ್ಪತ್ರೆ ಇರುವುದು ಶ್ರೀ ವಿಜಯಪುರಂನಲ್ಲಿ ಮಾತ್ರ. ಸ್ವರಾಜ್ ದ್ವೀಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಅಷ್ಟೇ. ಇತ್ತೀಚೆಗೆ ಎದೆನೋವು, ಸ್ಟೆಂಟ್, ಆಪರೇಷನ್ ಏನಾದರೂ ಆಗಿದ್ದರೆ ಡಾಕ್ಟರ್ ಒಪ್ಪಿಗೆ ಇಲ್ಲದೆ ಟಿಕೆಟ್ ಮಾಡಬೇಡಿ. ಎಟಿಎಂಗಳು ದ್ವೀಪಗಳಲ್ಲಿ ಕಡಿಮೆ, ನೆಟ್‌ವರ್ಕ್ ಸಿಕ್ಕಾಗ ಸಿಕ್ಕಿತು ಅನ್ನುವ ಹಾಗೆ. ಊರಿನಿಂದಲೇ ಸ್ವಲ್ಪ ನಗದು ತಗೊಂಡು ಹೋಗಿ.

ನೆಟ್‌ವರ್ಕ್ ಅಂದಾಗ ನೆನಪಾಯಿತು. ನನ್ನ ಮಗ, "ಅಮ್ಮಾ, ಒಬ್ಬಳೇ ಯಾಕೆ ಹೋಗ್ತೀಯ, ನಾವೆಲ್ಲ ರಜೆ ಹಾಕಿ ಬರ್ತೀವಿ" ಅಂದಿದ್ದ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಎಲ್ಲರ ಜೊತೆ ಹೋದರೆ ನಾನು ಮೊಮ್ಮಗನಿಗೆ ಊಟ ಮಾಡಿಸುತ್ತಾ, ಬ್ಯಾಗು ಕಾಯುತ್ತಾ ಕೂರುತ್ತೇನೆ. ಅದೂ ಇಷ್ಟವೇ, ಇದು ಬೇರೆ. ಅವನಿಗೆ ಹಡಗಿನ ಹೆಸರು, ಸಮಯ, ಹೋಟೆಲಿನ ನಂಬರ್, ಆಟೋದವರ ನಂಬರ್ ಎಲ್ಲ ಬರೆದು ಕೊಟ್ಟೆ. ದಿನಾ ರಾತ್ರಿ ಏಳರಿಂದ ಎಂಟರ ಒಳಗೆ ಫೋನ್ ಮಾಡುತ್ತೇನೆ, ಸಿಗದಿದ್ದರೆ ಮೊದಲು ಹೋಟೆಲಿಗೆ ಮಾಡು, ಆಮೇಲೆ ಗಾಬರಿ ಆಗು ಅಂದೆ. ಅವನಿಗೂ ಸಮಾಧಾನ ಆಯಿತು. ಮಕ್ಕಳ ಹತ್ತಿರ ವಾದ ಮಾಡುವುದಕ್ಕಿಂತ ವಿವರ ಕೊಡುವುದು ಮೇಲು.

ಗೆಳತಿಯ ಪ್ಲಾನ್ ಈಗ ಹೀಗಿದೆ. ಶ್ರೀ ವಿಜಯಪುರಂನಲ್ಲಿ ಎರಡು ರಾತ್ರಿ, ಸ್ವರಾಜ್ ದ್ವೀಪದಲ್ಲಿ ನಾಲ್ಕು, ಮತ್ತೆ ಊರಿನಲ್ಲಿ ಎರಡು. ವಿಮಾನದ ಟಿಕೆಟ್ ಆಗಿದೆ, ವೀಲ್‌ಚೇರ್ ಬೇಕು ಅಂತ ಅದರಲ್ಲೇ ನಮೂದಿಸಿದ್ದೇವೆ. ಶಹೀದ್ ದ್ವೀಪದ ಮೇಲೆ ಅವರಿಗೆ ಮನಸ್ಸಿದೆ. ಅಂಡಮಾನ್‌ಗೆಲ್ಲ ತರಕಾರಿ ಬೆಳೆಯುವ ದ್ವೀಪ ಅದು, ಇವರು ತೋಟ ಅಂದರೆ ಪ್ರಾಣ ಬಿಡುವವರು. ಅಲ್ಲಿನ ಕಲ್ಲುಸೇತುವೆ ನೋಡಲು ಮಾತ್ರ ಇಳಿತದ ಹೊತ್ತಿನಲ್ಲಿ ಪಾಚಿ ಹಿಡಿದ ಚೂಪು ಬಂಡೆಗಳ ಮೇಲೆ ನಡೆಯಬೇಕು, ಅದನ್ನು ಬಿಟ್ಟು ತೋಟದ ದಾರಿಯಲ್ಲಿ ಓಡಾಡಿಕೊಂಡು ಬರಲಿ ಅಂತ ನಾನು. ಆದರೆ ಅದಕ್ಕೆ ಇನ್ನೊಂದು ಸಲ ಹಡಗು ಹತ್ತಿ ಇಳಿಯಬೇಕು. ಅದಕ್ಕೇ ಮೊದಲು ಮಲ್ಪೆಗೆ ಹೋಗಿ ಬನ್ನಿ ಅಂದೆ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ, ಒಂದೇ ದಿನದ ಕೆಲಸ. ಎಷ್ಟೋ ಸಲ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಬದಲಾಯಿಸಬೇಕಾಗುತ್ತೆ, ಅಂಡಮಾನ್‌ನ ಹಲಗೆಗಿಂತ ಅದೇ ಕಷ್ಟ. ಕಾಲು, ಹೊಟ್ಟೆ, ಧೈರ್ಯ ಮೂರೂ ಹೇಗಿವೆ ಅಂತ ಅಲ್ಲೇ ಗೊತ್ತಾಗುತ್ತೆ, ಆ ಕಂಬ ಕಂಬದ ಬಂಡೆಗಳನ್ನೂ ನೋಡಿದ ಹಾಗಾಯಿತು. ಮುಂದಿನ ವಾರ ತಂಗಿಯ ಜೊತೆ ಹೊರಟಿದ್ದಾರೆ. ಹೋಗಿ ಬಂದು ಹೇಳುವವರೆಗೆ ಶಹೀದ್ ದ್ವೀಪದ ಹಡಗಿಗೆ ದುಡ್ಡು ಕಟ್ಟುವುದಿಲ್ಲ.